ಮಾರ್ಗ್ರಾಟನ್ನಿನ ಅಜ್ಜಿ ಕೇಳಿದ ಪ್ರಶ್ನೆ

ಕೇಳುಗ ಬಂಧುಗಳಿಗೆ ನಮಸ್ಕಾರ. ಗೌರಿಬಿದನೂರಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಬೋಧಿಸಿ ನಿವೃತ್ತಳಾದ ನಾನು ಈಗ ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿ ಮಗಳ ಸಂಸಾರದೊಂದಿಗೆ ನೆಲೆಸಿದ್ದೇನೆ. ಊರಿಗೆ ಬಂದಿರುವ ಈ ಸಮಯದಲ್ಲಿ ನಿಮಗೆ ಹೇಳಬೇಕಾಗಿರುವುದು ಒಂದೇ ಮಾತು. ನಮ್ಮ ಬಿಡುಗಡೆಗಾಗಿ ಪ್ರಾಣ ಕೊಟ್ಟವರಲ್ಲಿ ಒಬ್ಬರ ಹೆಸರಾದರೂ ಪ್ರತಿ ಮನೆಯವರಿಗೂ ಗೊತ್ತಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನ್ಯ 1940ರ ಮೇ ತಿಂಗಳಲ್ಲಿ ನೆದರ್ಲೆಂಡ್ಸನ್ನು ಆಕ್ರಮಿಸಿತು. ಐಂಡ್‌ಹೋವನ್ 1944ರ ಸೆಪ್ಟೆಂಬರ್ 18ರಂದು ಬಿಡುಗಡೆಯಾಯಿತು. ಆದರೆ ಬ್ರಿಟನ್, ಅಮೆರಿಕ ಮೊದಲಾದ ಮಿತ್ರರಾಷ್ಟ್ರಗಳ ಪಡೆಗಳಿಗೆ ರೈನ್ ನದಿಯ ಮೇಲಿನ ಆರ್ನೆಮ್ ಸೇತುವೆಯನ್ನು ಉಳಿಸಿಕೊಳ್ಳಲು ಸಾಧ್ಯವಾಗದೆ ಹೋದುದರಿಂದ, ನದಿಗಳಾಚೆಯ ಪಶ್ಚಿಮ ಭಾಗದ ಜನ ಇನ್ನೊಂದು ಚಳಿಗಾಲವನ್ನು ಊಟವಿಲ್ಲದೆ, ಉರುವಲಿಲ್ಲದೆ ಕಳೆಯಬೇಕಾಯಿತು. ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಆ ದೇಶ ತನ್ನ ಬಿಡುಗಡೆಯ ದಿನವನ್ನು ಆಚರಿಸುವುದು ಮೇ 5ರಂದು. ಅದರ ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಎಲ್ಲರೂ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ.

ಮೊದಲ ವರ್ಷ ನನಗೆ ಇದು ತಿಳಿದಿರಲಿಲ್ಲ. ಅಂಗಳದಲ್ಲಿ ಮೊಮ್ಮಗನನ್ನು ಜೋಕಾಲಿಯಲ್ಲಿ ತೂಗುತ್ತಿದ್ದೆ. ಬೀದಿಯ ಸೈಕಲ್ಲುಗಳು ನಿಂತವು. ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ತಲೆ ತಗ್ಗಿಸಿ ನಿಂತಿದ್ದರು. ನಾನು ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿದೆ. ಆ ವಾರವೇ ಅವರು ನನ್ನನ್ನು ಮಾರ್ಗ್ರಾಟನ್ ಎಂಬ ಊರಿನಲ್ಲಿರುವ, ಆ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರ ಸಮಾಧಿಭೂಮಿಗೆ ಕರೆದುಕೊಂಡು ಹೋದರು. ಅಲ್ಲಿ 8,000ಕ್ಕೂ ಹೆಚ್ಚು ಸಮಾಧಿಗಳಿವೆ, ಒಂದೊಂದನ್ನೂ ಒಂದೊಂದು ಮನೆಯವರು ವಹಿಸಿಕೊಂಡಿದ್ದಾರೆ. ಅಜ್ಜಿಯ ತಾಯಿ 1945ರಲ್ಲಿ ಒಬ್ಬ ಸೈನಿಕನ ಸಮಾಧಿಯನ್ನು ವಹಿಸಿಕೊಂಡು, ಕಡಲಾಚೆಯಲ್ಲಿದ್ದ ಅವನ ತಾಯಿಗೆ ಬದುಕಿರುವವರೆಗೂ ಕಾಗದ ಬರೆದರಂತೆ. ಆ ತಾಯಿಯ ಉತ್ತರಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇವರ ಮನೆಯಲ್ಲಿವೆ. ಮಗನ ಸಮಾಧಿಯನ್ನು ಅವರು ಒಮ್ಮೆಯೂ ನೋಡಲಾಗಲಿಲ್ಲ. ಅಜ್ಜಿಯ ತಾಯಿಯ ನಂತರ ಸಮಾಧಿಯ ಹೊಣೆ ಅಜ್ಜಿಗೆ ಬಂತು, ಮುಂದೆ ಮೊಮ್ಮಗಳಿಗೆ ಹೋಗಲಿದೆ. ಶಿಲುಬೆಯ ಬುಡದಲ್ಲಿ ಹೂವಿಟ್ಟು, ಅವನ ಹೆಸರನ್ನು ಗಟ್ಟಿಯಾಗಿ ಹೇಳಿ, ಅಜ್ಜಿ ನನ್ನತ್ತ ತಿರುಗಿ, ನಿಮ್ಮ ಊರಿನಲ್ಲಿಯೂ ಹೀಗೆ ಸತ್ತವರಿದ್ದಾರೆಯೇ ಎಂದು ಕೇಳಿದರು.

ಇದ್ದಾರೆ ಎಂದು ಪಾಠ ಒಪ್ಪಿಸುವಂತೆ ಹೇಳತೊಡಗಿದೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಧ್ವಜ ಹಾರಿಸುವುದಕ್ಕೆ ನಿಷೇಧವಿದ್ದ ಕಾಲ. ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಎರಡು ವಾರಕ್ಕೆ, 1938ರ ಏಪ್ರಿಲ್ 25ರಂದು, ನಮ್ಮ ವಿದುರಾಶ್ವತ್ಥದಲ್ಲಿ ನೆರೆದಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಸಾವುಗಳ ನಂತರ, ಮೇ ತಿಂಗಳಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವಿನ ಒಪ್ಪಂದದಿಂದ ಧ್ವಜಕ್ಕೆ ಅನುಮತಿ ದೊರೆಯಿತು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಸತ್ತವರ ಹೆಸರೇನು ಎಂದರು.

ನನಗೆ ಒಂದು ಹೆಸರೂ ಬರಲಿಲ್ಲ. ಬಾಲ್ಯದಿಂದ ಅಮ್ಮನ ಜೊತೆ ಎಷ್ಟು ಸಲ ವಿದುರಾಶ್ವತ್ಥಕ್ಕೆ ಹೋಗಿ, ನಾಗರಕಲ್ಲಿಗೆ ಹಾಲೆರೆದು, ಬುತ್ತಿ ಬಿಚ್ಚಿ ಉಂಡು ಬಂದಿದ್ದೇನೆ! ಇಸವಿಯನ್ನು ಪರೀಕ್ಷೆಯಲ್ಲಿ ಕೇಳಿದ್ದೇನೆ, ತಪ್ಪು ಬರೆದವರ ಅಂಕ ಕಳೆದಿದ್ದೇನೆ. ಹೆಸರನ್ನು ನಾನೂ ಕಲಿಯಲಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಕಲಿಸಲಿಲ್ಲ. ಹುತಾತ್ಮರು ಎಂಬ ಒಂದು ಪದದಲ್ಲಿ ಎಲ್ಲರನ್ನೂ ಮುಗಿಸಿಬಿಟ್ಟಿದ್ದೆವು.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಸವಾರರ ಪಡೆಯ ಬಗ್ಗೆಯೂ ಹೇಳಬೇಕೆಂದಿದ್ದೆ, ಆದರೆ ಸಮಯ ಮುಗಿಯುತ್ತ ಬಂದಿದೆ. ಅವರ ವಿಷಯದಲ್ಲಿಯೂ ನನ್ನ ಮಾತು ಅದೇ: ಪಡೆಯ ಹೆಸರು ಸಾಲದು, ಸವಾರನ ಹೆಸರು ಬೇಕು. ಶಾಲೆಯ ಮಕ್ಕಳು ಕೇಳುತ್ತಿದ್ದರೆ, ಗೌರಿಬಿದನೂರಿನಿಂದ ವಿದುರಾಶ್ವತ್ಥ ಆರೇ ಕಿಲೋಮೀಟರು, ದಯವಿಟ್ಟು ಪೂಜೆ ಮುಗಿದ ಮೇಲೆ ಸ್ಮಾರಕದ ಬಳಿಗೂ ಹೋಗಿ.

ಹೋದ ವಾರ ನಾನು ನೋಟುಪುಸ್ತಕ ಹಿಡಿದು ಅಲ್ಲಿಗೆ ಹೋಗಿದ್ದೆ. ಬರೆದುಕೊಂಡ ಹೆಸರನ್ನು ಇಲ್ಲಿ ಹೇಳುವುದಿಲ್ಲ, ನೀವೇ ಹೋಗಿ ತಿಳಿದುಕೊಳ್ಳಬೇಕೆಂಬುದು ನನ್ನ ಹಠ. ಮುಂದಿನ ತಿಂಗಳು ಐಂಡ್‌ಹೋವನ್ನಿಗೆ ಹಿಂದಿರುಗುತ್ತೇನೆ. ಕನ್ನಡದ ಆ ಹೆಸರನ್ನು ಉಚ್ಚರಿಸಲು ಅಜ್ಜಿಗೆ ಸ್ವಲ್ಪ ಕಷ್ಟವಾದೀತು, ನಾನು ನಿಧಾನವಾಗಿ ಹೇಳಿಕೊಡುತ್ತೇನೆ. ನಮಸ್ಕಾರ.