ಉಚಿದಾಗೆ ಅಷ್ಟೊಂದು ಅಭಿಮಾನಿಗಳು ಯಾಕೆ

ಎಲ್ಲರಿಗೂ ನಮಸ್ಕಾರ. ಟೈಮ್ ಕಮ್ಮಿ ಇದೆ, ನೇರವಾಗಿ ವಿಷಯಕ್ಕೇ ಬರ್ತೀನಿ. ಜಪಾನಿನ ಫುಟ್‌ಬಾಲ್ ಆಟಗಾರ ಅತ್ಸುತೊ ಉಚಿದಾ ಅಂದ ತಕ್ಷಣ ಜನ ಏನಂತಾರೆ, "ಓ, ಆ ಚೆಂದದ ಹುಡುಗ ಅಲ್ವಾ, ಹುಡುಗೀರು ಮುಗಿಬೀಳ್ತಿದ್ರಲ್ಲ" ಅಂತ. ಈ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಮುಖ ನೋಡಿ ಬಂದೋರು ಒಂದು ಸೀಸನ್ ಇರ್ತಾರೆ, ಅಷ್ಟೇ.

1988ರಲ್ಲಿ ಶಿಜುಓಕಾದಲ್ಲಿ ಹುಟ್ಟಿದೋನು, 2006ರಲ್ಲಿ ಹೈಸ್ಕೂಲ್ ಮುಗಿಸ್ಕೊಂಡು ಕಶಿಮಾ ಆಂಟ್ಲರ್ಸ್ ಕ್ಲಬ್‌ಗೆ ಬಂದ, ಬಂದ ವರ್ಷ ಲೀಗ್‌ನ ಮೊದಲ ಮ್ಯಾಚಲ್ಲೇ ರೈಟ್ ಬ್ಯಾಕ್, ಅಂದ್ರೆ ಬಲಗಡೆ ಕಾಯೋ ಡಿಫೆಂಡರ್. 2007, 2008, 2009, ಸತತ ಮೂರು ಸಲ ಕಶಿಮಾದವ್ರು ಜಪಾನಿನ ಜೆ ಲೀಗ್ ಗೆದ್ರು. ಆದ್ರೆ 2010ರ ವಿಶ್ವಕಪ್ಪಲ್ಲಿ ಟೀಮಲ್ಲಿದ್ರೂ ಒಂದು ನಿಮಿಷ ಆಡೋಕೆ ಸಿಗಲಿಲ್ಲ. ಅದೇ ಬೇಸಿಗೆಯಲ್ಲಿ ಜರ್ಮನಿಯ ಶಾಲ್ಕೆ ಕ್ಲಬ್ ಸೇರಿದ.

ಶಾಲ್ಕೆ ಅಂದ್ರೆ ಗೆಲ್ಸೆನ್‌ಕಿರ್ಷನ್, ಒಂದು ಕಾಲದ ಕಲ್ಲಿದ್ದಲು ಗಣಿ ಕೆಲಸಗಾರರ ಊರು. ಅಲ್ಲಿನ ಜನ ಮುಖ ನೋಡಿ ಚಪ್ಪಾಳೆ ತಟ್ಟೋರಲ್ಲ. ಬಲಗಡೆ ಮುಂದೆ ಪೆರುವಿನ ಫರ್ಫಾನ್. ಅವನು ಬಾಲ್ ಹಿಡ್ಕೊಂಡು ನಿಂತ್ರೆ ಉಚಿದಾ ಹೊರಗಡೆಯಿಂದ ಓಡಿ ಮುಂದೆ ಹೋಗ್ತಿದ್ದ, ಬಾಲ್ ಕಳ್ಕೊಂಡ್ರೆ ಅಷ್ಟೇ ದೂರ ವಾಪಸ್ ಓಡಿ ಬಂದು ಆ ಜಾಗ ಮುಚ್ತಿದ್ದ. ವಾಪಸ್ ಓಡೋ ಓಟ ಹೈಲೈಟ್ಸಲ್ಲಿ ಬರಲ್ಲ, ಸ್ಟ್ಯಾಂಡಲ್ಲಿ ಕೂತೋರಿಗೆ ಕಾಣುತ್ತೆ. ಅವ್ರೇ ಪ್ರೀತಿಯಿಂದ ಉಶಿ ಅಂತ ಕರೆದ್ರು. ಮೊದಲ ಸೀಸನ್ನಲ್ಲೇ ಯೂರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್, ಅಲ್ಲಿ ತನಕ ಹೋದ ಮೊದಲ ಜಪಾನಿ ಆಟಗಾರ ಇವ್ನೇ.

ಈಗ ನಾನು ಹೇಳಲೇಬೇಕಾದ ಘಟನೆ. 2011ರ ಮಾರ್ಚ್ 11, ಜಪಾನಲ್ಲಿ ಭೂಕಂಪ, ಸುನಾಮಿ. ಮಾರನೇ ದಿನ ಫ್ರಾಂಕ್‌ಫರ್ಟ್ ವಿರುದ್ಧ ಮ್ಯಾಚ್. ಯೋಚನೆ ಮಾಡಿ, ಊರಲ್ಲಿ ಅಂಥಾ ಅನಾಹುತ, ಇಲ್ಲಿ ಪಕ್ಕದಿಂದ ನುಗ್ಗೋ ವಿಂಗರ್‌ನ ತಡೀಬೇಕು. ಆಡಿದ, ಶಾಲ್ಕೆ ಗೆದ್ರು. ಮುಗಿದ್ಮೇಲೆ ಒಂದು ಶರ್ಟ್ ಹಿಡ್ಕೊಂಡ, ಕೈಯಲ್ಲೇ ಬರೆದಿದ್ದು, ಒಂದಾದ್ರೂ ಹೆಚ್ಚು ಜೀವ ಉಳೀಲಿ, ಜೊತೆಯಾಗಿ ಬದುಕೋಣ ಅನ್ನೋ ಅರ್ಥ. ಶಾಲ್ಕೆಯ ಗೋಲ್‌ಕೀಪರ್ ಮಾನುಯೆಲ್ ನೋಯರ್ ಇವನನ್ನ ಕರ್ಕೊಂಡು ಹೋಗಿ ಅಭಿಮಾನಿಗಳ ಮುಂದೆ ನಿಲ್ಲಿಸ್ದ. ಇಡೀ ಸ್ಟ್ಯಾಂಡ್ ಅವನ ಜೊತೆ ನಿಂತ್ಕೊಂಡ್ತು. ಇದೆಲ್ಲ ಮುಖ ನೋಡಿ ಆಗೋದಾ, ನೀವೇ ಹೇಳಿ.

ಚೀಟಿ ಬಂತು, ಐದೇ ನಿಮಿಷ ಅಂತೆ. 2014ರ ವಿಶ್ವಕಪ್ಪಲ್ಲಿ ಮೂರೂ ಮ್ಯಾಚ್ ಆಡಿದ, ಟೀಮ್ ಸೋತು ಬಂತು, ಅದನ್ನ ಬಿಡ್ತೀನಿ. ಮಂಡಿಗೆ ಪೆಟ್ಟಾದ ವಿಷಯ ಬಿಡೋಕಾಗಲ್ಲ. 2015ರ ಮಾರ್ಚಲ್ಲಿ ನಿಂತ ಆಟ, ಆಪರೇಷನ್ ಆಗಿ ಮತ್ತೆ ಶುರುವಾಗಿದ್ದು 2016ರ ಡಿಸೆಂಬರ್ 8ಕ್ಕೆ, ಸಾಲ್ಜ್‌ಬರ್ಗಲ್ಲಿ, ಅದೂ ಕೊನೇ ಕೆಲವು ನಿಮಿಷ. ಅಷ್ಟು ದಿನ ಕಾದ್ರಲ್ಲ ಜನ, ಅವ್ರು ಮುಖಕ್ಕೆ ಕಾದೋರಲ್ಲ ಸ್ವಾಮಿ.

ಆಮೇಲೆ ಜರ್ಮನಿಯದ್ದೇ ಯೂನಿಯನ್ ಬರ್ಲಿನ್ ಕ್ಲಬ್, 2018ರಲ್ಲಿ ವಾಪಸ್ ಕಶಿಮಾ. ಆ ವರ್ಷ ಏಷ್ಯನ್ ಚಾಂಪಿಯನ್ಸ್ ಲೀಗ್ ಸೆಮಿಫೈನಲಲ್ಲಿ ಕೊರಿಯಾದ ಸುವೊನ್ ಮೇಲೆ ಮೊದಲ ಮ್ಯಾಚಿನ ಇಂಜುರಿ ಟೈಮಲ್ಲಿ ಗೆಲುವಿನ ಗೋಲು ಹೊಡೆದಿದ್ದು ಇದೇ ಡಿಫೆಂಡರ್, ಕಪ್ಪೂ ಬಂತು. 2020ರಲ್ಲಿ, ಇನ್ನೂ 32 ವಯಸ್ಸು, ಆಟ ಬಿಟ್ಟ. ಯಾಕಂದ್ರೆ ಪ್ರಾಕ್ಟೀಸಲ್ಲಿ ಮೈ ಉಳಿಸ್ಕೊಂಡು ಆಡೋದು ಜೊತೆಗಾರರಿಗೆ ಮಾಡೋ ಅವಮಾನ ಅನ್ನಿಸ್ತಂತೆ. ಆಗಸ್ಟ್ 23ಕ್ಕೆ ಗಾಂಬಾ ಒಸಾಕಾ ಜೊತೆ ಕೊನೇ ಮ್ಯಾಚ್, ಬೆಂಚಲ್ಲಿದ್ದ. ರೈಟ್ ಬ್ಯಾಕ್‌ಗೆ ಬೇಗನೇ ಪೆಟ್ಟಾಯ್ತು, ಇವ್ನು ಒಳಗೆ ಬಂದ, ಆ ಮಂಡಿ ಇಟ್ಕೊಂಡು ಕೊನೇ ಸೀಟಿ ತನಕ ಆಡಿದ. 1-1. ಪ್ರಶ್ನೆ ಇದ್ರೆ ಕೇಳಿ.