ಕೊಡಪಾನ ತುಂಬುವ ಸದ್ದನ್ನು ಕಂಪ್ಯೂಟರಿಗೆ ಕಲಿಸಿದವರು

[ದೃಶ್ಯ: ಕಾರವಾರದ ಬೈತಖೋಲ ಬಂದರು. ಮೊಬೈಲಿನಲ್ಲಿ ದೋಣಿಯ ಚಿತ್ರ ತೆಗೆಯುವ ಕೈ. ಕ್ಲಿಕ್.]

ಈಗ ಕೇಳಿಸಿದ ಕ್ಲಿಕ್ ಶುದ್ಧ ಸುಳ್ಳು. ಹಳೆಯ ಕ್ಯಾಮೆರಾದೊಳಗೆ ಪುಟ್ಟ ಪರದೆಯೊಂದು ತೆರೆದು ಮುಚ್ಚಿಕೊಳ್ಳುವಾಗ ಈ ಸದ್ದು ತಾನಾಗಿಯೇ ಬರುತ್ತಿತ್ತು. ಮೊಬೈಲಿನಲ್ಲಿ ಹಾಗೆ ತೆರೆದು ಮುಚ್ಚುವಂಥದ್ದು ಏನೂ ಇಲ್ಲ. ಮೊದಲೇ ಮುದ್ರಿಸಿಟ್ಟ ಸದ್ದನ್ನು ನಮಗೆ ಕೇಳಿಸುತ್ತಾರೆ. ಅಂಕೋಲೆಯ ವೀಕ್ಷಕರೊಬ್ಬರ ಪ್ರಶ್ನೆ ಇದು: "ಈ ನಾಟಕ ಯಾಕೆ? ಟುಂಯ್ ಎಂದಿದ್ದರೂ ಸಾಕಿತ್ತಲ್ಲ?"

ಉತ್ತರ ಹುಡುಕಿಕೊಂಡು ಹೊರಟರೆ ಬಿಲ್ ಗೇವರ್ ಎಂಬ ಸಂಶೋಧಕರು ಎದುರಾಗುತ್ತಾರೆ. ಮನುಷ್ಯ ಮತ್ತು ಕಂಪ್ಯೂಟರಿನ ನಡುವಿನ ವ್ಯವಹಾರವನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಎಚ್‌ಸಿಐ ಎನ್ನುತ್ತಾರೆ. ಗುಂಡಿ ಎಲ್ಲಿರಬೇಕು, ತಪ್ಪು ಒತ್ತಿದರೆ ಏನಾಗಬೇಕು ಎಂಬುದೆಲ್ಲ ಅದರ ಚಿಂತೆ. ಪೀಠಿಕೆ ಇಷ್ಟು ಸಾಕು. ಗೇವರ್ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಡೊನಾಲ್ಡ್ ನಾರ್ಮನ್ ಅವರ ಬಳಿ ಸಂಶೋಧನೆ ಮಾಡಿ 1988ರಲ್ಲಿ ಪಿಎಚ್‌ಡಿ ಪಡೆದರು. ವಿಷಯ: ದಿನನಿತ್ಯ ನಾವು ಸದ್ದನ್ನು ಹೇಗೆ ಆಲಿಸುತ್ತೇವೆ?

ರಾತ್ರಿ ದೂರದಲ್ಲಿ ಚಂಡೆ ಕೇಳಿಸಿತು ಎಂದುಕೊಳ್ಳಿ. ಭಾಗವತರಾದರೆ ತಾಳ ಯಾವುದೆಂದು ಗಮನಿಸುತ್ತಾರೆ. ಉಳಿದ ನಾವೆಲ್ಲ "ಓಹೋ, ಆಟ ಶುರುವಾಯಿತು, ಶಾಲೆಯ ಬಯಲಿನಲ್ಲಿರಬೇಕು, ನಡೆಯಿರಿ" ಎನ್ನುತ್ತೇವೆ. ಅಂದರೆ ಸದ್ದನ್ನು ಕೇಳುವುದಕ್ಕಿಂತ ಹೆಚ್ಚಾಗಿ ಆ ಸದ್ದು ಮಾಡಿದ್ದು ಏನು, ಎಲ್ಲಿ, ಎಷ್ಟು ದೊಡ್ಡದು ಎಂಬುದನ್ನು ಕೇಳಿಸಿಕೊಳ್ಳುತ್ತೇವೆ. ಕಂಪ್ಯೂಟರ್ ಜಗತ್ತು ಈ ಎರಡನೆಯ ಬಗೆಯ ಕಿವಿಯನ್ನು ಮರೆತೇಬಿಟ್ಟಿದೆ ಎಂಬುದು ಗೇವರ್ ವಾದ.

ಆಪಲ್ ಕಂಪನಿಯ ಮ್ಯಾಕಿಂಟಾಷ್‌ಗಾಗಿ ಅವರು ಸೋನಿಕ್‌ಫೈಂಡರ್ ಎಂಬ ವ್ಯವಸ್ಥೆ ಕಟ್ಟಿದರು. 1989ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಅದರಲ್ಲಿ ಫೈಲನ್ನು ಒತ್ತಿದರೆ ಏನನ್ನೋ ಬಡಿದ ಸದ್ದು. ಫೈಲು ದೊಡ್ಡದಾದಷ್ಟೂ ಸದ್ದು ದಪ್ಪ. ಎಳೆದರೆ ನೆಲದ ಮೇಲೆ ಎಳೆದ ಸದ್ದು. ಇನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದರೆ? ಪಾತ್ರೆಗೆ ನೀರು ಸುರಿಯುವ ಸದ್ದು!

[ದೃಶ್ಯ: ಶಿರಸಿ ಸಮೀಪದ ಮನೆಯೊಂದರ ಬಾವಿಕಟ್ಟೆ. ಕೊಡಪಾನಕ್ಕೆ ನೀರು ಸುರಿಯುತ್ತಿದೆ.]

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಭಾಗವನ್ನು ಕತ್ತರಿಸು ಎಂದು ನಮ್ಮ ಸಂಕಲನಕಾರರು ಹೇಳಿದ್ದರು, ನಾನು ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಆಲಿಸಿ. ಮೊದಲು ದೊಳದೊಳ. ಆಮೇಲೆ ಸ್ವರ ಮೆಲ್ಲಗೆ ಏರುತ್ತದೆ. ಕೊನೆಯಲ್ಲಿ ಸರ್ರನೆ ಮೇಲಕ್ಕೆ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತವರೂ ಒಂದು ಹನಿ ಚೆಲ್ಲುವ ಮೊದಲೇ "ತುಂಬಿತು, ನಿಲ್ಲಿಸು" ಎಂದು ಕೂಗುವುದು ಇದರಿಂದಲೇ. ನೀರು ಮೇಲೇರಿದಂತೆ ಪಾತ್ರೆಯೊಳಗಿನ ಗಾಳಿಯ ಕಂಬ ಗಿಡ್ಡವಾಗುತ್ತದೆ. ಗಿಡ್ಡ ಕಂಬದ ಸ್ವರ ಹೆಚ್ಚು ತೀಕ್ಷ್ಣ. ಲೆಕ್ಕಕ್ಕೆ ನೇರವಾದ ಪಾತ್ರೆಯೊಂದನ್ನು ತೆಗೆದುಕೊಳ್ಳಿ (ಕೊಡಪಾನದ ಕುತ್ತಿಗೆ ಲೆಕ್ಕವನ್ನು ಕೆಡಿಸುತ್ತದೆ, ಭೌತಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಬೇಕು). 30 ಸೆಂಟಿಮೀಟರ್ ಖಾಲಿ ಇದ್ದಾಗ ಸ್ವರ ಸುಮಾರು 286 ಹರ್ಟ್ಸ್. 20 ಸೆಂಟಿಮೀಟರಿಗೆ ಬಂದಾಗ ಸುಮಾರು 430. 10 ಸೆಂಟಿಮೀಟರಿಗೆ 860ರ ಹತ್ತಿರ. ನೋಡಿದಿರಾ? ನೀರು ಒಂದೇ ಸಮನೆ ಬೀಳುತ್ತಿದ್ದರೂ ಸ್ವರ ಮಾತ್ರ ಕೊನೆಗೆ ಓಡತೊಡಗುತ್ತದೆ. ಎಚ್ಚರಿಕೆ ಬೇಕಾಗುವುದೂ ಆಗಲೇ. ಇಂಥ ಗಂಟೆಯನ್ನು ಯಾವ ಎಂಜಿನಿಯರೂ ಕೂಡಿಸಿಲ್ಲ, ಪಾತ್ರೆಯಲ್ಲಿಯೇ ಇದೆ.

ಗೇವರ್ ಮಾಡಿದ್ದು ಅದನ್ನು ಎರವಲು ಪಡೆದದ್ದು. ನಕಲು ಮುಗಿಯುತ್ತಾ ಬಂದಿದೆಯೇ ಎಂದು ತಿಳಿಯಲು ಪರದೆ ನೋಡಬೇಕಾಗಿಲ್ಲ, ಕೈಪಿಡಿ ಓದಬೇಕಾಗಿಲ್ಲ. ಟುಂಯ್ ಎಂಬುದರ ಅರ್ಥವನ್ನು ಯಾರಾದರೂ ಕಲಿಸಬೇಕು. ನೀರಿನ ಸದ್ದಿನ ಅರ್ಥವನ್ನು ಬಾಲ್ಯದಲ್ಲೇ ಕಲಿತು ಬಂದಿರುತ್ತೇವೆ. ಮೊಬೈಲಿನ ಕ್ಲಿಕ್ ಗೇವರ್ ಕೈಯ ಕೆಲಸವಲ್ಲ, ಆದರೆ ಹಿಂದಿರುವ ತರ್ಕ ಇದೇ. ಚಿತ್ರ ತೆಗೆಯುವವನಿಗೂ ಪಕ್ಕದಲ್ಲಿ ನಿಂತವನಿಗೂ ಅದು ಒಟ್ಟಿಗೇ ತಿಳಿಯುತ್ತದೆ. ಅಂಕೋಲೆಯವರೇ, ನಿಮ್ಮ ಬಾಕಿ ಚುಕ್ತಾ.

ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯ. ಅಲ್ಲಿ ಕೋಣೆ ಕೋಣೆಗೂ ಕ್ಯಾಮೆರಾ ಇತ್ತು, ಸಹೋದ್ಯೋಗಿಯನ್ನು ಇಣುಕಿ ನೋಡಬಹುದಿತ್ತು. ಇಣುಕುವ ಮುನ್ನ ನೋಡಿಸಿಕೊಳ್ಳುವವರಿಗೆ ಬಾಗಿಲು ತೆರೆದ ಸದ್ದು ಕೇಳಿಸುವಂತೆ ಮಾಡಿದರು. ನೋಡಿ ಮುಗಿದ ಮೇಲೆ ಬಾಗಿಲು ಮುಚ್ಚಿದ ಸದ್ದು. ಸಭೆಯ ಹೊತ್ತಾದರೆ ಜನ ಸೇರಿ ಗುಜುಗುಜು ಮಾತಾಡುವ ಸದ್ದು. ಇವತ್ತಿನ ವಿಡಿಯೋ ಕರೆಗಳಲ್ಲಿ ಇಷ್ಟು ಮರ್ಯಾದೆಯೂ ಉಳಿದಿಲ್ಲ ಎಂಬುದು ನನ್ನ ಗೊಣಗಾಟ.

ಇಲ್ಲಿಂದ ಕಥೆ ಹೊರಳುತ್ತದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದ ಗೇವರ್, ಉಪಯೋಗವೇ ಇಲ್ಲದ ಯಂತ್ರಗಳತ್ತ ನಡೆದರು. ನಾರ್ವೆ, ನೆದರ್ಲೆಂಡ್ಸ್, ಇಟಲಿಯ ಮೂರು ಊರುಗಳ ಹಿರಿಯರಿಗಾಗಿ ಏನಾದರೂ ರೂಪಿಸಬೇಕಿತ್ತು. ಪ್ರಶ್ನಾವಳಿ ಹಿಡಿದು ಹೋಗುವ ಬದಲು ಅವರೂ ಜೊತೆಗಾರರೂ ಪೊಟ್ಟಣ ಕೊಟ್ಟರು. ಒಳಗೆ ಅಂಚೆ ಕಾರ್ಡುಗಳು, ನಕ್ಷೆಗಳು, ಒಂದು ಅಗ್ಗದ ಕ್ಯಾಮೆರಾ. "ಇಂದು ಮೊದಲು ಕಂಡ ವ್ಯಕ್ತಿಯ ಚಿತ್ರ ತೆಗೆಯಿರಿ", "ಬೇಸರ ತರುವ ಏನಾದರೊಂದರ ಚಿತ್ರ ತೆಗೆಯಿರಿ" ಎಂಬಂಥ ಕೋರಿಕೆಗಳು. 1999ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 'ಕಲ್ಚರಲ್ ಪ್ರೋಬ್ಸ್' ಎಂದು ಹೆಸರು. ಅಂಕಿಅಂಶ ಸಿಗುವುದಿಲ್ಲ, ನಿಜ. ಆದರೆ ಎದುರಿಗಿರುವವರು ಎಂಥ ಮನುಷ್ಯರು ಎಂಬ ಸುಳಿವು ಸಿಗುತ್ತದೆ.

ಆಮೇಲೆ ಬಂದದ್ದು ಡ್ರಿಫ್ಟ್ ಟೇಬಲ್, 2004. ನೋಡಲು ಮಾಮೂಲಿ ಮೇಜು. ನಡುವೆ ಪುಟ್ಟ ದುಂಡು ಕಿಂಡಿ, ಅದರಲ್ಲಿ ಆಕಾಶದಿಂದ ತೆಗೆದ ಬ್ರಿಟನ್ನಿನ ಚಿತ್ರಗಳು. ಒಂದು ಬದಿಗೆ ಭಾರ ಇಟ್ಟರೆ ದೃಶ್ಯ ಆ ಕಡೆಗೆ ನಿಧಾನವಾಗಿ ತೇಲುತ್ತದೆ. ಭಾರ ಹೆಚ್ಚಿಸಿದರೆ ನೆಲದ ಹತ್ತಿರಕ್ಕೆ ಇಳಿಯುತ್ತದೆ. ಹುಡುಕುವ ಸೌಲಭ್ಯವಿಲ್ಲ, ಬೇಗ ಹೋಗುವ ದಾರಿಯಿಲ್ಲ. ಶಿರಸಿಯ ಜಗುಲಿಯಲ್ಲಿ ಅಂಥದ್ದೊಂದಿದ್ದು, ಕವಳದ ಹರಿವಾಣವನ್ನು ಪಡುವಣ ಅಂಚಿಗಿಟ್ಟು ಹೊರಟರೆ ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲು ಕಾಣುವಷ್ಟರಲ್ಲಿ ಮನೆಯವರೆಲ್ಲ ಒಂದು ನಿದ್ದೆ ಮುಗಿಸಿರುತ್ತಿದ್ದರು. ದಾರಿ ತಪ್ಪುವುದೇ ಅಲ್ಲಿ ಆಟ. ಸದ್ದಿನ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡರಲ್ಲೂ ಯಂತ್ರ ಅರ್ಥವನ್ನು ವಿವರಿಸಲು ಹೋಗುವುದಿಲ್ಲ. ಅದನ್ನು ಕಟ್ಟಿಕೊಳ್ಳುವ ಕೆಲಸವನ್ನು ಮನುಷ್ಯರಿಗೇ ಬಿಡುತ್ತದೆ.

ಸಮಯ ಮೀರುತ್ತಿದೆ, ಎರಡನ್ನು ಒಟ್ಟಿಗೇ ಹೇಳುತ್ತೇನೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿದ್ದಾಗ ಗೇವರ್ ತಂಡ ಯಾರ್ಕ್ ನಗರದ ಕ್ರೈಸ್ತ ಸನ್ಯಾಸಿನಿಯರಿಗೆ ಪುಟ್ಟ ಸಾಧನವೊಂದನ್ನು ಕೊಟ್ಟಿತು. ಮಠದಿಂದ ಹೊರಗೆ ಬರದ ಅವರು ಯಾರಿಗಾಗಿ ಪ್ರಾರ್ಥಿಸಬೇಕೆಂದು ತಿಳಿಯಲು, ಜಗತ್ತಿನ ಸುದ್ದಿಯೂ ಅಪರಿಚಿತರ ಮನದ ಮಾತೂ ಅದರ ಮೇಲೆ ಅಕ್ಷರವಾಗಿ ಹರಿಯುತ್ತಿದ್ದವು. ಇನ್ನೊಂದು, ರಾಯಲ್ ಕಾಲೇಜ್ ಜೊತೆ ಸೇರಿ ರೂಪಿಸಿದ ಮೈ ನೇಚರ್‌ವಾಚ್ ಕ್ಯಾಮೆರಾ. 2018ರಲ್ಲಿ ಬಿಬಿಸಿಯ ಸ್ಪ್ರಿಂಗ್‌ವಾಚ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರ್, ಒಂದು ಪ್ಲಾಸ್ಟಿಕ್ ಡಬ್ಬಿ. ಎದುರು ಏನಾದರೂ ಅಲುಗಾಡಿದರೆ ಚಿತ್ರ ತೆಗೆಯುತ್ತದೆ.

ಅದರ ಸಾಮಾನುಗಳನ್ನು ತರಿಸಿದ್ದೇವೆ. ಮಳೆಗಾಲ ಮುಗಿದ ಮೇಲೆ ಅಡಿಕೆ ತೋಟದಲ್ಲಿ ಕಟ್ಟುವ ಯೋಚನೆ, ಈಗಿನ ಮಳೆಗೆ ಯಾವ ಡಬ್ಬಿಯೂ ತಾಳದು. ಕೆಂದಳಿಲು ಸಿಕ್ಕರೆ ವಿಡಿಯೋ ಹಾಕುತ್ತೇವೆ. ಬರೀ ಮಂಗಗಳೇ ಸಿಕ್ಕರೂ ಹಾಕುತ್ತೇವೆ, ಬೈಯಬೇಡಿ.