ನಾಲ್ಕು ಕ್ಯೂ, ಒಂದೇ ತಂತಿ: ಯಾವ ಪ್ಯಾಕೆಟ್ ಮೊದಲು?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಬಿಸಿಲು, ಅದೂ ಊಟ ಆದ ಮೇಲೆ, ನೆಟ್‌ವರ್ಕ್ ಕಾರ್ಡ್ ಬಗ್ಗೆ ಕೇಳೋಕೆ ಬಂದು ಕೂತಿದ್ದೀರಲ್ಲ, ನಿಮ್ಮ ತಾಳ್ಮೆಗೆ ಮೆಚ್ಚಬೇಕು. ಸ್ಲೈಡ್ ಏನೂ ತಂದಿಲ್ಲ. ಪರದೆ ಮೇಲೆ ಒಂದು ಟರ್ಮಿನಲ್ ಇದೆ, ಅಷ್ಟೇ.

ಕಂಪ್ಯೂಟರಿನಿಂದ ಹೊರಡುವ ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಸೀದಾ ತಂತಿಗೆ ಹೋಗಲ್ಲ. ಮೊದಲು ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಇಲ್ಲಿ ಲಿನಕ್ಸ್) ಕ್ಯೂ, ಆಮೇಲೆ ಕಾರ್ಡಿನ ರಿಂಗ್. ರಿಂಗ್ ಅಂದರೆ ಮೆಮೊರಿಯಲ್ಲಿರುವ ಒಂದು ಪಟ್ಟಿ. ಒಂದು ಕಡೆಯಿಂದ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ತುಂಬುತ್ತಾ ಹೋಗುತ್ತದೆ, ಇನ್ನೊಂದು ಕಡೆಯಿಂದ ಕಾರ್ಡ್ ಎತ್ತಿಕೊಳ್ಳುತ್ತಾ ಬರುತ್ತದೆ. ಒಮ್ಮೆ ರಿಂಗಿಗೆ ಬಿದ್ದ ಮೇಲೆ ಕರ್ನಲ್ಲಿನ ಮಾತು ನಡೆಯಲ್ಲ. ಎಷ್ಟೇ ಅರ್ಜೆಂಟ್ ಪ್ಯಾಕೆಟ್ ಆಗಿರಲಿ, ಮುಂದೆ ಇರುವುದೆಲ್ಲ ಹೋಗುವವರೆಗೆ ಕಾಯಲೇಬೇಕು.

ಎಷ್ಟು ಕಾಯಬೇಕು? 1,500 ಬೈಟಿನ ಪ್ಯಾಕೆಟ್ ಅಂದರೆ 12,000 ಬಿಟ್. 1 ಗಿಗಾಬಿಟ್ ಲಿಂಕಿನಲ್ಲಿ ಅದಕ್ಕೆ 12 ಮೈಕ್ರೊಸೆಕೆಂಡ್ ಸಾಕು. ಅಂಥವು 256 ಸಾಲಾಗಿ ನಿಂತರೆ ಸುಮಾರು 3 ಮಿಲಿಸೆಕೆಂಡ್, ಅದೇ 100 ಮೆಗಾಬಿಟ್ ಲಿಂಕ್ ಆದರೆ 30. ಫೈಲ್ ಕಾಪಿ ಮಾಡುವವನಿಗೆ ಇದು ಲೆಕ್ಕಕ್ಕೇ ಇಲ್ಲ, ಆದರೆ ಯಂತ್ರದ ಮೋಟರಿಗೆ ಮಿಲಿಸೆಕೆಂಡಿಗೊಮ್ಮೆ ಆದೇಶ ಕಳಿಸಬೇಕಾದವನ ಕೆಲಸ ಕೆಟ್ಟಿತು ಅಂತಲೇ ಅರ್ಥ. 2012ರಲ್ಲಿ ಬಂದ ಲಿನಕ್ಸ್ 3.3ರಲ್ಲಿ ಬೈಟ್ ಕ್ಯೂ ಲಿಮಿಟ್ಸ್ ಅನ್ನೋದು ಸೇರಿಕೊಂಡಿತು. ರಿಂಗನ್ನು ಸುಮ್ನೆ ಗಂಟಲವರೆಗೆ ತುಂಬದೆ ಬೇಕಾದಷ್ಟೇ ತುಂಬಿಸುತ್ತದೆ. ನನ್ನ ಪ್ರಕಾರ ಇದಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ.

ಈಗ ಹಲವು ಕ್ಯೂಗಳ ಮಾತು. ಕಾರ್ಡಿನಲ್ಲಿ ನಾಲ್ಕೋ ಎಂಟೋ ಕ್ಯೂ ಕಂಡ ತಕ್ಷಣ ಅವು ಆದ್ಯತೆಗಾಗಿಯೇ ಇವೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ. ಸಿಪಿಯು ಕೋರ್‌ಗಳು ಜಾಸ್ತಿಯಾದವು, ಎಲ್ಲವೂ ಒಂದೇ ರಿಂಗಿನ ಲಾಕಿಗೆ ಕಿತ್ತಾಡಬಾರದು ಅಂತ ಕೋರಿಗೊಂದು ರಿಂಗ್ ಕೊಟ್ಟರು, ಮುಖ್ಯ ಕಾರಣ ಅದೇ. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದೇ ವೇ ಬ್ರಿಡ್ಜ್ ಮುಂದೆ ಟ್ರ್ಯಾಕ್ಟರುಗಳು ನಾಲ್ಕು ಸಾಲು ಹಚ್ಚಿ ನಿಂತಿವೆ ಅಂದುಕೊಳ್ಳಿ. ನಿಮ್ಮ ಗಾಡಿ ಬೇರೆ ಸಾಲಲ್ಲಿದೆ ಅಂದ ಮಾತ್ರಕ್ಕೆ ಮೊದಲು ತೂಕ ಆಗಲ್ಲ. ಯಾವ ಸಾಲನ್ನು ಕರೆಯಬೇಕು ಅನ್ನೋದು ತೂಕ ಮಾಡುವವನ ಕೈಲಿದೆ. ಅವನು ಸಾಲಿಗೊಂದರಂತೆ ಸರದಿ ಮೇಲೆ ಕರೆದರೆ ನಿಮ್ಮ ಅರ್ಜೆಂಟಿಗೆ ಬೆಲೆ ಇಲ್ಲ. ಕಾರ್ಡಿನೊಳಗೂ ಹೀಗೇ, ಬೇರೆ ಏನೂ ಹೇಳದಿದ್ದರೆ ಅದು ಸಾಮಾನ್ಯವಾಗಿ ಸರದಿ ಪ್ರಕಾರವೇ ಎತ್ತುತ್ತದೆ.

ಪರದೆ ನೋಡಿ. ಇದು ಟಿಸಿ ಕಮಾಂಡ್, ಲಿನಕ್ಸಿನಲ್ಲಿ ಕ್ಯೂಗಳ ನಿಯಮ ಹಾಕುವುದು ಇದರಿಂದ. ಹಾಕುತ್ತಿರುವುದು ಎಂಕ್ಯೂಪ್ರಿಯೊ, ಅಂದರೆ ಪ್ಯಾಕೆಟ್ಟುಗಳನ್ನು ಆದ್ಯತೆ ನೋಡಿ ಕಾರ್ಡಿನ ಕ್ಯೂಗಳಿಗೆ ಹಂಚುವ ನಿಯಮ. 2011ರಿಂದ ಕರ್ನಲ್ಲಿನಲ್ಲಿದೆ. ಕಾರ್ಡ್ ಇಂಟೆಲ್ ಐ210, ಕಳಿಸುವ ಕ್ಯೂ ನಾಲ್ಕು. ಮೊದಲು ಮೂರು ವರ್ಗ ಬೇಕು ಅಂತ ಹೇಳಿದ್ದೇನೆ. ಆಮೇಲೆ ಮ್ಯಾಪ್, ಅಂದರೆ ಯಾವ ಆದ್ಯತೆ ಯಾವ ವರ್ಗಕ್ಕೆ ಅನ್ನೋ ಪಟ್ಟಿ, ಅದರಲ್ಲಿ 16 ಅಂಕಿ: 2 2 1 0, ಉಳಿದದ್ದೆಲ್ಲ 2. ಸೊನ್ನೆಯಿಂದ ಎಣಿಸಿ. ಪ್ಯಾಕೆಟ್ಟಿನ ಆದ್ಯತೆ 3 ಇದ್ದರೆ ಅದು 0ನೇ ವರ್ಗ, 2 ಇದ್ದರೆ 1ನೇ ವರ್ಗ, ಮಿಕ್ಕ ಜನಸಾಮಾನ್ಯರೆಲ್ಲ 2ನೇ ವರ್ಗ. ಕೊನೆಗೆ ಮೊದಲ ಎರಡು ವರ್ಗಕ್ಕೆ ಒಂದೊಂದು ಕ್ಯೂ, ಮೂರನೆಯದಕ್ಕೆ ಎರಡು. ಇಲ್ಲಿ ಎಡವುವವರು ಬಹಳ, ಯಾಕಂದರೆ ಅಂಕಿ ದೊಡ್ಡದಾದರೆ ಆದ್ಯತೆಯೂ ದೊಡ್ಡದು ಅಂತ ಅಂದುಕೊಳ್ಳುತ್ತಾರೆ. ಈ ಕಾರ್ಡಿನಲ್ಲಿ 0ನೇ ಕ್ಯೂಗೇ ಅಗ್ರಸ್ಥಾನ.

ಇಷ್ಟಾದರೂ ನಡೆದದ್ದು ವಿಂಗಡಣೆ ಮಾತ್ರ. ಕಮಾಂಡಿನ ಕೊನೆಯಲ್ಲಿ ಎಚ್‌ಡಬ್ಲ್ಯೂ 0 ಅಂತ ಇದೆ ನೋಡಿ, ಅಂದರೆ ಹಂಚುವ ಕೆಲಸ ಕರ್ನಲ್ಲಿನದು, ಕಾರ್ಡಿಗೆ ಏನನ್ನೂ ಹೇಳಿಲ್ಲ. 1 ಹಾಕಿದರೆ ಡ್ರೈವರಿಗೆ ಹೋಗಿ ಕೇಳುತ್ತದೆ. ಡ್ರೈವರ್ ಒಪ್ಪಬಹುದು, ಒಪ್ಪದಿರಬಹುದು, ನೀವು ಕೊಟ್ಟ ಹಂಚಿಕೆ ಬಿಟ್ಟು ತನ್ನದೇ ಹಂಚಿಕೆ ಇಟ್ಟುಕೊಳ್ಳಲೂಬಹುದು. ಐ210ರಲ್ಲಿ ಆದ್ಯತೆಯ ಮೋಡ್ ಶುರುವಾಗಬೇಕಾದರೆ ಮೇಲಿನ ಕ್ಯೂಗೆ ಸಿಬಿಎಸ್ (ಕ್ರೆಡಿಟ್ ಬೇಸ್ಡ್ ಶೇಪರ್) ಕೂಡ ಹಾಕಬೇಕು. ಅದು 802.1ಕ್ಯೂಎವಿ ಮಾನದಂಡದ್ದು, ಮೇಲಿನ ವರ್ಗ ಇಷ್ಟಕ್ಕಿಂತ ಜಾಸ್ತಿ ತಿನ್ನಬಾರದು ಅಂತ ಕಡಿವಾಣ ಹಾಕುತ್ತದೆ. ಕಡಿವಾಣ ಇಲ್ಲದ ಆದ್ಯತೆ ಕೆಳಗಿನವರನ್ನು ಉಪವಾಸ ಕೆಡವುತ್ತದೆ.

ಪ್ಯಾಕೆಟ್ಟಿಗೆ ಆ 3 ಅನ್ನೋ ಗುರುತು ಹಾಕುವವರು ಯಾರು? ನಿಮ್ಮ ಪ್ರೋಗ್ರಾಮೇ. ಪ್ರೋಗ್ರಾಮ್ ನೆಟ್‌ವರ್ಕಿಗೆ ಡೇಟಾ ಕಳಿಸುವ ಬಾಗಿಲು ಸಾಕೆಟ್, ಅದಕ್ಕೆ ಎಸ್‌ಒ ಪ್ರಯಾರಿಟಿ ಅನ್ನೋ ಆಯ್ಕೆ ಕೊಟ್ಟರೆ ಮುಗೀತು. 0ಯಿಂದ 6ರವರೆಗೆ ಯಾರು ಬೇಕಾದರೂ ಕೊಡಬಹುದು, ಅದಕ್ಕಿಂತ ಮೇಲಕ್ಕೆ ಅಡ್ಮಿನ್ ಅನುಮತಿ ಬೇಕು.

ಒಂದು ತಣ್ಣೀರೆರಚುವ ಮಾತೂ ಹೇಳಿಬಿಡುತ್ತೇನೆ. ವಿದ್ಯಾನಗರದ ಮನೆಯಲ್ಲಿ ಕೂತು ಮೀಟಿಂಗ್ ಮಾಡುವಾಗ ದನಿ ಕಡಿಯುತ್ತದೆ ಅಂತ ಲ್ಯಾಪ್‌ಟಾಪಿಗೆ ಎಂಕ್ಯೂಪ್ರಿಯೊ ಹಾಕಬೇಡಿ. ಲ್ಯಾಪ್‌ಟಾಪಿನಿಂದ ರೂಟರಿಗೆ ಗಿಗಾಬಿಟ್, ರೂಟರಿನಿಂದ ಆಚೆಗೆ 40 ಮೆಗಾಬಿಟ್ ಇದ್ದರೆ ಸಾಲು ಬೆಳೆಯುವುದು ರೂಟರಿನಲ್ಲಿ. ಮದ್ದೂ ಅಲ್ಲೇ ಬೇಕು. ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಕೇಕ್ ಅಥವಾ ಎಫ್‌ಕ್ಯೂ ಕೋಡೆಲ್ ಅನ್ನೋ ಕ್ಯೂ ನಿಯಮ ಇರುವ ರೂಟರಿನಲ್ಲಿ ವೇಗವನ್ನು ಲೈನಿಗಿಂತ ಸ್ವಲ್ಪ ಕೆಳಗಿಡಿ.

ಈಗ ಲ್ಯಾಬಿಗೆ ಹೋಗೋಣ. ಕಾರ್ಡಿನ ವಿವರ ತೋರಿಸುವ ಈಥ್‌ಟೂಲ್ ಕಮಾಂಡಿಗೆ ಸಣ್ಣ ಎಲ್ ಕೊಟ್ಟು ಎಷ್ಟು ಕ್ಯೂ ಇದೆ ನೋಡಿ, ದೊಡ್ಡ ಎಸ್ ಕೊಟ್ಟರೆ ಬಹಳಷ್ಟು ಡ್ರೈವರ್‌ಗಳು ಯಾವ ಕ್ಯೂನಿಂದ ಎಷ್ಟು ಪ್ಯಾಕೆಟ್ ಹೋಯಿತು ಅನ್ನೋದನ್ನೂ ತೋರಿಸುತ್ತವೆ. ಹಳೇ ಡೆಸ್ಕ್‌ಟಾಪಿನಲ್ಲಿ ಒಂದೇ ಕ್ಯೂ ಇದ್ದರೆ ಎಂಕ್ಯೂಪ್ರಿಯೊ ಆಗಲ್ಲ ಅಂತ ಎರರ್ ಕೊಡುತ್ತದೆ. ಅಂಥವರು ಬರೀ ಪ್ರಿಯೊ ಹಾಕಿ, ಕರ್ನಲ್ಲಿನೊಳಗೇ ಆದ್ಯತೆಯ ಮೂರು ಸಾಲು ಸಿಗುತ್ತದೆ, ಇವತ್ತಿನ ಅಭ್ಯಾಸಕ್ಕೆ ಅಷ್ಟು ಸಾಕು.